ದೇವರ ಮಾತಿನಂತೆ ನಡೆದೆ, ಆಶೀರ್ವಾದ ಎಲ್ಲಿ?

ಪ್ರಶ್ನೆ: ನಾನು ಒಂದು ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿ ಅನೇಕ ವರ್ಷ ಕೆಲಸ ಮಾಡಿದವಳು. ಬಾರದ ಸರಕು ಬಂದಿದೆಯೆಂದು ತೋರಿಸುವ ಬಿಲ್ಲಿಗೆ ಸಹಿ ಹಾಕಬೇಕೆಂದು ಮೇಲಿನವರು ಒತ್ತಾಯಿಸಿದಾಗ, ಸುಳ್ಳು ಸಾಕ್ಷಿ ಹೇಳಬಾರದೆಂಬ ದೇವರ ಆಜ್ಞೆಯನ್ನು ನೆನೆದು ನಿರಾಕರಿಸಿದೆ. ಕೆಲವೇ ತಿಂಗಳಲ್ಲಿ ನನ್ನ ಕೆಲಸ ಹೋಯಿತು. ಸಹಿ ಹಾಕಿದ ಸಹೋದ್ಯೋಗಿಗೆ ಬಡ್ತಿ ಸಿಕ್ಕಿತು. ಇದೇ ಹೊತ್ತಿನಲ್ಲಿ ಪತಿಯ ಆರೋಗ್ಯವೂ ಕೆಟ್ಟಿದೆ. ಸತ್ಯವೇದದ ಧರ್ಮೋಪದೇಶಕಾಂಡ 28ನೆಯ ಅಧ್ಯಾಯದಲ್ಲಿ ವಿಧೇಯರಿಗೆ ಕೊಟ್ಟಿರುವ ವಾಗ್ದಾನಗಳನ್ನು ಓದುವಾಗ ಕಣ್ಣೀರು ಬರುತ್ತದೆ. ಸಭೆಯ ಹಿರಿಯರೊಬ್ಬರು, "ನಿಮ್ಮ ಜೀವನದಲ್ಲಿ ಎಲ್ಲೋ ಗುಪ್ತವಾದ ಅವಿಧೇಯತೆ ಇರಬೇಕು, ಹುಡುಕಿ ನೋಡಿ" ಎಂದರು. ಹುಡುಕಿ ಹುಡುಕಿ ಸೋತಿದ್ದೇನೆ. ವಿಧೇಯತೆಯೇ ಆಶೀರ್ವಾದದ ದಾರಿ ಎಂಬುದು ನಿಜವೇ?

ಉತ್ತರ: ಪ್ರಿಯ ಸಹೋದರಿ, ಉಳಿದೆಲ್ಲಕ್ಕಿಂತ ಮೊದಲು ಆ ಹಿರಿಯರ ಮಾತಿನ ಭಾರವನ್ನು ನಿಮ್ಮ ಹೆಗಲಿನಿಂದ ಇಳಿಸಬೇಕಾಗಿದೆ. ಕಷ್ಟ ಬಂದವರಲ್ಲಿ ಪಾಪ ಅಡಗಿರಲೇಬೇಕು ಎಂಬ ವಾದ ಹೊಸದಲ್ಲ. ನೀತಿವಂತನಾಗಿದ್ದೂ ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರಾದ ಎಲೀಫಜ, ಬಿಲ್ದದ ಮತ್ತು ಚೋಫರ ಅಧ್ಯಾಯದ ಮೇಲೆ ಅಧ್ಯಾಯ ಇದನ್ನೇ ಹೇಳಿದರು. ಕೊನೆಯಲ್ಲಿ ದೇವರ ಕೋಪ ತಿರುಗಿದ್ದು ಯೋಬನ ಮೇಲಲ್ಲ, ಈ ಗೆಳೆಯರ ಮೇಲೆ. ಹುಟ್ಟುಕುರುಡನೊಬ್ಬನನ್ನು ಕಂಡ ಶಿಷ್ಯರು ಪಾಪ ಮಾಡಿದವನು ಇವನೋ, ಇವನ ತಂದೆತಾಯಿಯೋ ಎಂದು ಕೇಳಿದಾಗ, ಯೇಸು ಎರಡನ್ನೂ ಅಲ್ಲವೆಂದನು (ಯೋಹಾನ 9). ತನ್ನನ್ನು ತಾನು ಪರೀಕ್ಷಿಸಿಕೊಳ್ಳುವುದು ಒಳ್ಳೆಯದೇ, ನೀವು ಅದನ್ನು ಮಾಡಿದ್ದೀರಿ. ಆದರೆ ದೇವರು ಪಾಪವನ್ನು ತೋರಿಸುವಾಗ, ಪ್ರವಾದಿ ನಾತಾನನ ಮೂಲಕ ಅರಸನಾದ ದಾವೀದನಿಗೆ ತೋರಿಸಿದಂತೆ, ಇಂಥದ್ದೆಂದು ಬೆರಳಿಟ್ಟು ತೋರಿಸುತ್ತಾನೆ. ಯಾವುದೆಂದೇ ತಿಳಿಯದ ಅಪರಾಧದ ಹೊರೆಯನ್ನು ಹೊರಿಸಿ ತನ್ನ ಮಕ್ಕಳನ್ನು ತಿಂಗಳುಗಟ್ಟಲೆ ಅಲೆಸುವುದು ಆತನ ರೀತಿಯಲ್ಲ. ನೀವು ಸಹಿ ಹಾಕದೆ ಹೋದದ್ದು ಸರಿ. ಅದರ ಫಲವಾಗಿ ಬಂದ ನಷ್ಟ ಅದನ್ನು ತಪ್ಪಾಗಿಸುವುದಿಲ್ಲ.

ಇನ್ನು ಧರ್ಮೋಪದೇಶಕಾಂಡ 28. ಆ ಅಧ್ಯಾಯದ ಮೊದಲ 14 ವಚನಗಳನ್ನು ಬಾಯಿಪಾಠ ಮಾಡಿದವರು ಅನೇಕರಿದ್ದಾರೆ. ಶಾಪಗಳನ್ನು ಹೇಳುವ ಮುಂದಿನ 54 ವಚನಗಳನ್ನು ಪೂರ್ತಿ ಓದಿದವರು ಕಡಿಮೆ. ಎರಡೂ ಭಾಗಗಳು ಸೇರಿ, ಯೊರ್ದನ್ ಹೊಳೆಯನ್ನು ದಾಟಲಿದ್ದ ಇಸ್ರಾಯೇಲೆಂಬ ಒಂದು ಜನಾಂಗದೊಂದಿಗೆ ದೇವರು ಮೋಶೆಯ ಮೂಲಕ ಮಾಡಿಕೊಂಡ ಒಡಂಬಡಿಕೆಯ ಷರತ್ತುಗಳಾಗಿವೆ. ಅಲ್ಲಿನ ಮಳೆ, ಬೆಳೆ, ಯುದ್ಧದ ಜಯ, ಸೆರೆವಾಸ ಇವೆಲ್ಲ ಒಂದು ದೇಶದಲ್ಲಿ ನೆಲೆಸುವ ಇಡೀ ಪ್ರಜೆಗೆ ಸಂಬಂಧಿಸಿದವು. ಆ ಒಡಂಬಡಿಕೆಯ ಕಾಲದಲ್ಲಿಯೇ ದೇವರ ಮಾತನ್ನು ಇದ್ದದ್ದು ಇದ್ದ ಹಾಗೆ ಸಾರಿದ ಪ್ರವಾದಿ ಯೆರೆಮೀಯನನ್ನು ಕೆಸರು ತುಂಬಿದ ಬಾವಿಗೆ ಇಳಿಬಿಟ್ಟರು. ದುಷ್ಟರ ಸುಖವನ್ನು ಕಂಡು ಹೊಟ್ಟೆಯುರಿದ ಆಸಾಫನು 73ನೆಯ ಕೀರ್ತನೆಯಲ್ಲಿ ನಿಮ್ಮದೇ ಪ್ರಶ್ನೆಯನ್ನು ಕೇಳಿದನು. ಕ್ರಿಸ್ತನು ನಮಗೋಸ್ಕರ ಶಾಪವಾಗಿ ಧರ್ಮಶಾಸ್ತ್ರದ ಶಾಪದಿಂದ ನಮ್ಮನ್ನು ಬಿಡಿಸಿದನೆಂದು ಪೌಲನು ಗಲಾತ್ಯದವರಿಗೆ ಬರೆದ ಮೇಲೆ, ಕ್ರಿಸ್ತನಲ್ಲಿರುವ ಒಬ್ಬ ಸ್ತ್ರೀಯು ತನ್ನ ಉದ್ಯೋಗ ಹೋದದ್ದನ್ನು ಆ 54 ವಚನಗಳ ಕೆಳಗೆ ಇಟ್ಟು ಓದಬೇಕಾದ ಅಗತ್ಯವಿಲ್ಲ.

ಹಾಗಾದರೆ ವಿಧೇಯತೆಗೂ ಆಶೀರ್ವಾದಕ್ಕೂ ನಂಟೇ ಇಲ್ಲವೇ? ಇದೆ, ಗಟ್ಟಿಯಾಗಿಯೇ ಇದೆ. ನೀನು ನನ್ನ ಮಾತನ್ನು ಕೇಳಿದ್ದರಿಂದ ನಿನ್ನ ಸಂತತಿಯ ಮೂಲಕ ಭೂಮಿಯ ಎಲ್ಲಾ ಜನಾಂಗಗಳಿಗೂ ಆಶೀರ್ವಾದ ಉಂಟಾಗುವುದೆಂದು ದೇವರು ಅಬ್ರಹಾಮನಿಗೆ ಹೇಳಿದ್ದು ಆದಿಕಾಂಡ 22ರಲ್ಲಿದೆ. ಆದರೆ ಘಟನೆಗಳ ಕ್ರಮವನ್ನು ಗಮನಿಸಿ. ಆಶೀರ್ವದಿಸುವೆನೆಂಬ ವಾಗ್ದಾನ ಬಂದದ್ದು ಅದಕ್ಕಿಂತ ದಶಕಗಳ ಹಿಂದೆ, ಅಬ್ರಹಾಮನು ಇನ್ನೂ ಹೆಜ್ಜೆ ಎತ್ತಿಡುವ ಮೊದಲೇ. ಅವನು 75 ವರ್ಷದವನಾಗಿ ಖಾರಾನ್ ಪಟ್ಟಣವನ್ನು ಬಿಟ್ಟು ಹೊರಟನು, ಇಸಾಕನು ಹುಟ್ಟಿದಾಗ ಅವನಿಗೆ 100 ವರ್ಷ. ನಡುವಿನ ಆ 25 ವರ್ಷ ವಾಗ್ದಾನದ ಮಗನು ಅವನ ಕೈಯಲ್ಲಿರಲಿಲ್ಲ. ಅವನ ವಿಧೇಯತೆಯು ವಾಗ್ದಾನವನ್ನು ಕೊಂಡುಕೊಳ್ಳಲು ತೆತ್ತ ಬೆಲೆಯಾಗಿರಲಿಲ್ಲ. ಕೃಪೆಯಿಂದ ಮೊದಲೇ ದೊರೆತ ವಾಗ್ದಾನದೊಳಗೆ ಅವನು ನಡೆದುಹೋದ ದಾರಿಯಾಗಿತ್ತು. ಕೂಲಿಗೂ ದಾರಿಗೂ ಇರುವ ಈ ಅಂತರವನ್ನು ಹಿಡಿಯದೆ ಹೋದರೆ, ವಿಧೇಯರಾದವರು ಸುಖ ಬಂದಾಗ ಅಹಂಕಾರಕ್ಕೂ ಕಷ್ಟ ಬಂದಾಗ ಕಹಿಗೂ ತುತ್ತಾಗುತ್ತಾರೆ.

ನಿಮ್ಮ ಸ್ಥಿತಿಗೆ ಬಹಳ ಹತ್ತಿರವಾದವನು ಯೋಸೇಫ. ತಾನು ಗುಲಾಮನಾಗಿದ್ದ ಪೋಟೀಫರನ ಮನೆಯಲ್ಲಿ ಯಾರೂ ನೋಡದ ಸಮಯದಲ್ಲಿ ಯಜಮಾನನ ಹೆಂಡತಿ ಬಟ್ಟೆ ಹಿಡಿದು ಕರೆದಾಗ, ದೇವರಿಗೆ ವಿರುದ್ಧವಾಗಿ ಪಾಪಮಾಡಲಾರೆನೆಂದು ಬಟ್ಟೆಯನ್ನು ಬಿಟ್ಟು ಓಡಿದನು. ಅದೇ ಬಟ್ಟೆ ಅವನ ವಿರುದ್ಧ ಸಾಕ್ಷಿಯಾಯಿತು, ಅವನು ಸೆರೆಮನೆ ಸೇರಿದನು. ಆದಿಕಾಂಡ 39ನ್ನು ಒಮ್ಮೆ ನಿಧಾನವಾಗಿ ಓದಿ. ಯೆಹೋವನು ಯೋಸೇಫನ ಸಂಗಡ ಇದ್ದನೆಂಬ ಮಾತು ಅಧ್ಯಾಯದ ಆರಂಭದಲ್ಲಿ, ಅವನು ಯಜಮಾನನ ಮನೆಯಲ್ಲಿ ಏಳಿಗೆ ಹೊಂದುತ್ತಿದ್ದಾಗ ಬರುತ್ತದೆ. ಅಧ್ಯಾಯದ ಕೊನೆಯಲ್ಲಿ, ಅವನು ಸೆರೆಯಲ್ಲಿರುವಾಗ, ಅದೇ ಮಾತು ಮತ್ತೆ ಬರುತ್ತದೆ. ಎರಡು ಕಡೆಯೂ ಬರೆದವನ ದೃಷ್ಟಿಯಲ್ಲಿ ಆಶೀರ್ವಾದ ಒಂದೇ. ಬದಲಾದದ್ದು ಗೋಡೆಗಳು ಮಾತ್ರ. 17 ವರ್ಷದವನಾಗಿದ್ದಾಗ ಮಾರಲ್ಪಟ್ಟ ಯೋಸೇಫನು ಫರೋಹನ ಮುಂದೆ ನಿಂತಾಗ ಅವನಿಗೆ 30 ವರ್ಷ. ಆ ಉನ್ನತಿಯಿಂದ ಅವನ ವಿಧೇಯತೆ ಸಾರ್ಥಕವಾಯಿತೆಂದು ಬೋಧಿಸುವವರಿದ್ದಾರೆ. ನನಗೆ ಆ ಬೋಧನೆ ಸಾಲದೆನಿಸುತ್ತದೆ. ಅವನು ಸೆರೆಯಲ್ಲೇ ಸತ್ತಿದ್ದರೂ ಆ ದಿನ ಓಡಿದ್ದು ಸರಿಯೇ ಆಗಿರುತ್ತಿತ್ತು. ಬೆಂಕಿಯ ಆವಿಗೆಯ ಮುಂದೆ ನಿಂತ ಶದ್ರಕ್, ಮೇಶಕ್, ಅಬೇದ್ನೆಗೋ ಎಂಬವರು ನಮ್ಮ ದೇವರು ಬಿಡಿಸಬಲ್ಲನು, ಬಿಡಿಸದಿದ್ದರೂ ನಾವು ಅರಸನ ಚಿನ್ನದ ಪ್ರತಿಮೆಗೆ ಅಡ್ಡಬೀಳುವುದಿಲ್ಲ ಎಂದದ್ದು ಇದೇ ಅರ್ಥದಲ್ಲಿ. 2ನೆಯ ಶತಮಾನದಲ್ಲಿ ಸ್ಮುರ್ನ ಪಟ್ಟಣದ ಬಿಷಪ್ ಪೊಲಿಕಾರ್ಪನಿಗೆ, ಕ್ರಿಸ್ತನನ್ನು ದೂಷಿಸಿದರೆ ಬಿಟ್ಟುಬಿಡುವೆನೆಂದು ರೋಮನ್ ಅಧಿಕಾರಿ ಹೇಳಿದಾಗ, 86 ವರ್ಷ ಆತನ ಸೇವೆ ಮಾಡಿದ್ದೇನೆ, ಆತನು ನನಗೆ ಯಾವ ಕೇಡನ್ನೂ ಮಾಡಲಿಲ್ಲ ಎಂದು ಆ ವೃದ್ಧನು ಉತ್ತರಿಸಿದನು. ಅವನು ಬಿಡುಗಡೆ ಹೊಂದಲಿಲ್ಲ, ಕೊಲ್ಲಲ್ಪಟ್ಟನು.

ಲೂಕ 15ರ ಸಾಮ್ಯದಲ್ಲಿ, ದಾರಿತಪ್ಪಿ ಮರಳಿದ ತಮ್ಮನಿಗೆ ತಂದೆ ಔತಣ ಮಾಡಿಸಿದ್ದನ್ನು ತಿಳಿದು, ಹೊಲದಿಂದ ಬಂದ ಹಿರಿಯ ಮಗನು, ಇಷ್ಟು ವರ್ಷ ನಿನಗೆ ದುಡಿದೆ, ನಿನ್ನ ಒಂದು ಅಪ್ಪಣೆಯನ್ನೂ ಮೀರಲಿಲ್ಲ, ನೀನು ನನಗೆ ಒಂದು ಆಡಿನ ಮರಿಯನ್ನೂ ಕೊಡಲಿಲ್ಲ ಎಂದು ಮನೆಯ ಹೊರಗೇ ನಿಂತುಬಿಡುತ್ತಾನೆ. ಅವನ ಲೆಕ್ಕದಲ್ಲಿ ಸುಳ್ಳಿಲ್ಲ. ಅವನು ನಿಜವಾಗಿಯೂ ವಿಧೇಯನೇ. ತಂದೆಯ ಉತ್ತರ: ಮಗನೇ, ನೀನು ಯಾವಾಗಲೂ ನನ್ನ ಸಂಗಡ ಇದ್ದೀ, ನನ್ನದೆಲ್ಲಾ ನಿನ್ನದೇ. ವಿಧೇಯತೆಯ ಆಶೀರ್ವಾದದ ಬಗ್ಗೆ ಇದಕ್ಕಿಂತ ಸ್ಪಷ್ಟವಾದ ಮಾತನ್ನು ನಾನು ಸತ್ಯವೇದದಲ್ಲಿ ಕಂಡಿಲ್ಲ. ವಾಕ್ಯವನ್ನು ಕೇಳಿ ಮರೆಯದೆ ಅದರಂತೆ ಮಾಡುವವನು ತಾನು ಮಾಡುವುದರಲ್ಲಿಯೇ ಧನ್ಯನಾಗುವನೆಂದು ಯಾಕೋಬನು ತನ್ನ ಪತ್ರಿಕೆಯಲ್ಲಿ ಬರೆಯುವಾಗಲೂ (1:25) ಹೇಳುತ್ತಿರುವುದು ಇದನ್ನೇ. ನನ್ನ ಆಜ್ಞೆಗಳನ್ನು ಕೈಕೊಂಡರೆ ನನ್ನ ಪ್ರೀತಿಯಲ್ಲಿ ನೆಲೆಗೊಂಡಿರುವಿರಿ ಎಂದು ಯೇಸು ಹೇಳಿದ್ದು ಶಿಲುಬೆಯ ಹಿಂದಿನ ರಾತ್ರಿ, ಮರಣದವರೆಗೂ ವಿಧೇಯನಾಗಲಿದ್ದವನ ಬಾಯಿಂದ.

ಇಷ್ಟು ಹೇಳಿ, ನಿಮ್ಮ ನಷ್ಟವನ್ನೇ ಆಶೀರ್ವಾದವೆಂದು ಕರೆಯಿರಿ ಎಂದು ಮಾತ್ರ ನಾನು ಹೇಳಲಾರೆ. ಸಂಬಳ ನಿಂತುಹೋಗಿರುವುದು ನಷ್ಟ, ಪತಿಯ ಕಾಯಿಲೆ ಸಂಕಟ. ಅವುಗಳ ವಿಷಯವಾಗಿ ದೇವರ ಮುಂದೆ ಅಳುವುದು, ದೂರುವುದು ಅವಿಧೇಯತೆಯಲ್ಲ, ಕೀರ್ತನೆಗಳಲ್ಲಿ ದೊಡ್ಡ ಪಾಲು ಅದೇ ಇದೆ. ಕಾನೂನಿನ ಪ್ರಕಾರ ನ್ಯಾಯ ಕೇಳುವ ಅವಕಾಶವಿದ್ದರೆ ಕೇಳಿ. ಪೌಲನು ತನ್ನ ರೋಮನ್ ಹಕ್ಕನ್ನು ಬಳಸಿ ಚಕ್ರವರ್ತಿಯಾದ ಕೈಸರನಿಗೆ ಮನವಿ ಮಾಡಿಕೊಂಡನು, ಅದು ವಿಶ್ವಾಸದ ಕೊರತೆಯಾಗಿರಲಿಲ್ಲ. ನನ್ನ ನಿಮಿತ್ತ ಮನೆಮಠ ಬಿಟ್ಟವರಿಗೆ ಹಿಂಸೆಗಳೊಂದಿಗೆ ನೂರರಷ್ಟು ಮನೆಗಳೂ ಅಣ್ಣತಮ್ಮಂದಿರೂ ಅಕ್ಕತಂಗಿಯರೂ ತಾಯಂದಿರೂ ಈಗಿನ ಕಾಲದಲ್ಲಿಯೇ ದೊರೆಯುವರೆಂದು ಯೇಸು ಹೇಳಿದ ಮಾತನ್ನು (ಮಾರ್ಕ 10) ನೆರವೇರಿಸಬೇಕಾದವರು ನಿಮ್ಮ ಸಭೆಯವರೇ. ಆ ಹಿರಿಯರಿಗೆ ನನ್ನ ವಿನಂತಿ ಇಷ್ಟು: ಈ ಸಹೋದರಿಯ ಜೀವನದಲ್ಲಿ ಪಾಪವನ್ನು ಹುಡುಕಲು ಹೇಳುವ ಬದಲು, ಈ ತಿಂಗಳ ಬಾಡಿಗೆಗೂ ಔಷಧಿಗೂ ಎಷ್ಟು ಕಡಿಮೆಬಿದ್ದಿದೆಯೆಂದು ಕೇಳಿ, ಅದನ್ನು ಸಭೆಯಿಂದ ತುಂಬಿಸಿರಿ.

ಪ್ರಶ್ನೆ: ನಾನು ದಶಮಾಂಶವನ್ನು ತಪ್ಪದೆ ಕೊಡುತ್ತೇನೆ, ಉಪವಾಸವಿದ್ದು ಪ್ರಾರ್ಥಿಸುತ್ತೇನೆ. ವ್ಯಾಪಾರದಲ್ಲಿ ಆಶೀರ್ವಾದಕ್ಕಾಗಿ ಈ ವರ್ಷ ವಿಶೇಷ ಕಾಣಿಕೆಯನ್ನೂ ಕೊಟ್ಟೆ. ಆದರೂ ಮನಸ್ಸಿಗೆ ಸಮಾಧಾನವಿಲ್ಲ. ತಂದೆಯ ಆಸ್ತಿ ಮಾರಿದ ಹಣದಲ್ಲಿ ತಂಗಿಗೆ ಸಲ್ಲಬೇಕಾದ ಪಾಲನ್ನು ನಾನು ಇನ್ನೂ ಕೊಟ್ಟಿಲ್ಲ. ವ್ಯಾಪಾರ ಸುಧಾರಿಸಿದ ಮೇಲೆ ಕೊಡುವೆನೆಂದಿದ್ದೇನೆ. ಇದಕ್ಕೂ ಅದಕ್ಕೂ ಸಂಬಂಧವಿದೆಯೇ?

ಉತ್ತರ: ಸಹೋದರರೇ, ಸಂಬಂಧವಿದೆ. ಯಾರೂ ಕೇಳದೆಯೇ ನಿಮ್ಮ ಪತ್ರದಲ್ಲಿ ತಂಗಿಯ ಪಾಲಿನ ಮಾತು ಬಂದಿರುವುದರಿಂದ, ನಿಮಗೂ ಅದು ತಿಳಿದಿದೆಯೆಂದು ಭಾವಿಸುತ್ತೇನೆ. ಮೊದಲ ಪ್ರಶ್ನೆಯ ಸಹೋದರಿಗೆ ಹುಡುಕಿದರೂ ಏನೂ ಕಾಣಲಿಲ್ಲ. ನಿಮಗೆ ಹುಡುಕುವ ಅಗತ್ಯವೇ ಬೀಳಲಿಲ್ಲ.

ಅಮಾಲೇಕ್ಯರ ಮೇಲೆ ಯುದ್ಧಕ್ಕೆ ಹೋಗಿದ್ದ ಅರಸನಾದ ಸೌಲನು, ಏನನ್ನೂ ಉಳಿಸಬಾರದೆಂಬ ಅಪ್ಪಣೆಯಿದ್ದರೂ, ಅವರ ಅರಸನಾದ ಅಗಾಗನನ್ನೂ ದನಕುರಿಗಳಲ್ಲಿ ಉತ್ತಮವಾದವುಗಳನ್ನೂ ಉಳಿಸಿಕೊಂಡು ಬಂದನು. ಪ್ರವಾದಿ ಸಮುವೇಲನು ಎದುರಾದ ಕೂಡಲೇ, ಅವನು ಬಾಯಿ ತೆರೆಯುವ ಮೊದಲೇ, ಯೆಹೋವನ ಅಪ್ಪಣೆಯನ್ನು ನೆರವೇರಿಸಿದ್ದೇನೆಂದು ಸೌಲನೇ ಹೇಳಿಕೊಂಡನು. ಹಾಗಾದರೆ ನನ್ನ ಕಿವಿಗೆ ಬೀಳುತ್ತಿರುವ ಈ ಕುರಿಗಳ ಕೂಗೇನು, ಈ ದನಗಳ ಧ್ವನಿಯೇನು ಎಂದು ಸಮುವೇಲನು ಕೇಳಿದನು. ಅವು ದೇವರಿಗೆ ಯಜ್ಞಮಾಡಲಿಕ್ಕಾಗಿ ಜನರು ಉಳಿಸಿದವು ಎಂಬುದು ಸೌಲನ ಉತ್ತರ. ಅಪ್ಪಣೆ ಮೀರಿ ಇಟ್ಟುಕೊಂಡದ್ದರಲ್ಲಿಯೇ ಒಂದು ಪಾಲನ್ನು ಅಪ್ಪಣೆ ಕೊಟ್ಟವನಿಗೆ ಕಾಣಿಕೆಯಾಗಿ ಅರ್ಪಿಸಿದರೆ ಆತನು ಮೆಚ್ಚುವನೆಂಬ ಎಣಿಕೆ ಅದರಲ್ಲಿದೆ. ಯಜ್ಞಕ್ಕಿಂತ ಮಾತು ಕೇಳುವುದು ಉತ್ತಮ, ಟಗರುಗಳ ಕೊಬ್ಬಿಗಿಂತ ವಿಧೇಯತೆ ಶ್ರೇಷ್ಠ ಎಂಬ ಪ್ರಸಿದ್ಧ ಮಾತನ್ನು ಸಮುವೇಲನು ಆಡಿದ್ದು ಈ ಸಂದರ್ಭದಲ್ಲಿ (1 ಸಮುವೇಲ 15).

ನಿಮ್ಮ ವಿಶೇಷ ಕಾಣಿಕೆಯ ಹಣದಲ್ಲಿ ಸ್ವಲ್ಪವಾದರೂ ತಂಗಿಯದ್ದಿದೆ. ಯಜ್ಞವೇದಿಯ ಹತ್ತಿರ ಕಾಣಿಕೆಯನ್ನು ತಂದವನಿಗೆ ತನ್ನ ಮೇಲೆ ಸಹೋದರನ ದೂರು ಇದೆಯೆಂಬುದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಒಂದಾಗಬೇಕೆಂದು ಯೇಸು ಹೇಳಿದನು. ಕಾಣಿಕೆಯನ್ನು ಹೆಚ್ಚಿಸಬೇಕೆಂದು ಹೇಳಲಿಲ್ಲ. ಆದ್ದರಿಂದ ಈ ವಾರವೇ ತಂಗಿಯ ಬಳಿಗೆ ಹೋಗಿ, ಕೊಡಬೇಕಾದ ಮೊತ್ತವನ್ನು ಬಾಯಿಬಿಟ್ಟು ಹೇಳಿ, ತಡಮಾಡಿದ್ದಕ್ಕೆ ಕ್ಷಮೆ ಕೇಳಿ. ಕೈಯಲ್ಲಿರುವಷ್ಟನ್ನು ಆಗಲೇ ಕೊಟ್ಟು, ಉಳಿದದ್ದಕ್ಕೆ ದಿನಾಂಕಗಳನ್ನು ಬರೆದುಕೊಡಿ. ಹೀಗೆ ಮಾಡಿದರೆ ವ್ಯಾಪಾರ ಸುಧಾರಿಸುವುದೆಂದು ನಾನು ಮಾತು ಕೊಡುವುದಿಲ್ಲ. ಹಾಗೆ ಮಾತು ಕೊಟ್ಟರೆ ತಂಗಿಯ ಪಾಲು ಸಹ ಇನ್ನೊಂದು ವಿಶೇಷ ಕಾಣಿಕೆಯಾಗಿಬಿಡುತ್ತದೆ. ಸುಂಕ ವಸೂಲಿಗಾರನಾದ ಜಕ್ಕಾಯನು ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ತಿರುಗಿ ಕೊಡುವೆನೆಂದಾಗ ಅವನ ಹಣದ ಪೆಟ್ಟಿಗೆ ಹಗುರವಾಯಿತು, ಆದರೆ ಈ ದಿನ ಈ ಮನೆಗೆ ರಕ್ಷಣೆಯಾಯಿತೆಂಬ ಮಾತನ್ನು ಅವನು ಕೇಳಿಸಿಕೊಂಡದ್ದು ಆ ದಿನವೇ.

ಪ್ರಶ್ನೆ: ನಮ್ಮ ಸಭಾನಾಯಕರು ತಮ್ಮ ಮಾತನ್ನು ಮೀರುವುದು ದೇವರನ್ನೇ ಮೀರಿದಂತೆ, ಅಂಥವರು ಆಶೀರ್ವಾದ ಕಳೆದುಕೊಳ್ಳುತ್ತಾರೆ ಎನ್ನುತ್ತಾರೆ. ನನ್ನ ಉನ್ನತ ವ್ಯಾಸಂಗವನ್ನು ನಿಲ್ಲಿಸಬೇಕೆಂದು ದೇವರು ಅವರಿಗೆ ತಿಳಿಸಿದ್ದಾನಂತೆ. ನಾನು ಏನು ಮಾಡಬೇಕು?

ಉತ್ತರ: ನಾಯಕರ ಮಾತನ್ನು ಕೇಳಿರಿ ಎಂಬ ಉಪದೇಶ ಇಬ್ರಿಯರಿಗೆ ಬರೆದ ಪತ್ರಿಕೆಯಲ್ಲಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಂಥ ನಾಯಕರು ಮಂದೆಯ ಮೇಲೆ ದೊರೆತನ ಮಾಡಬಾರದೆಂದು ಪೇತ್ರನೂ, ನಿಮ್ಮ ವಿಶ್ವಾಸದ ಮೇಲೆ ನಾವು ಅಧಿಕಾರ ನಡೆಸುವವರಲ್ಲವೆಂದು ಪೌಲನೂ ಬರೆದರು. ಪೌಲನಂಥ ಅಪೊಸ್ತಲನ ಬೋಧನೆಯನ್ನೇ ಬೆರೋಯ ಪಟ್ಟಣದವರು ಶಾಸ್ತ್ರಗಳೊಂದಿಗೆ ಪ್ರತಿದಿನ ಹೋಲಿಸಿ ನೋಡಿದರು, ಮತ್ತು ಅದಕ್ಕಾಗಿ ಅವರಿಗೆ ಹೊಗಳಿಕೆ ಸಿಕ್ಕಿತು.

1 ಅರಸುಗಳು 13ನೆಯ ಅಧ್ಯಾಯವನ್ನು ಓದಿ. ಯೂದದಿಂದ ಬೇತೇಲಿಗೆ ಬಂದ ದೇವರ ಮನುಷ್ಯನೊಬ್ಬನಿಗೆ, ಅಲ್ಲಿ ಏನನ್ನೂ ತಿನ್ನಬಾರದು, ಕುಡಿಯಬಾರದು ಎಂಬ ಸ್ಪಷ್ಟವಾದ ಅಪ್ಪಣೆಯಿತ್ತು. ಅರಸನು ಕರೆದಾಗ ಅವನು ಹೋಗಲಿಲ್ಲ. ಆದರೆ ಮುದುಕನಾದ ಒಬ್ಬ ಪ್ರವಾದಿ ಬಂದು, ನಾನೂ ಪ್ರವಾದಿಯೇ, ನಿನ್ನನ್ನು ಊಟಕ್ಕೆ ಕರೆತರಬೇಕೆಂದು ದೇವದೂತನು ನನಗೆ ಹೇಳಿದನು ಎಂದು ಸುಳ್ಳು ಹೇಳಿದಾಗ ನಂಬಿ ಹೋದನು, ಮತ್ತು ಹಿಂದಿರುಗುವ ದಾರಿಯಲ್ಲಿ ಸಿಂಹದ ಬಾಯಿಗೆ ಸಿಕ್ಕಿದನು. ದೇವರಿಗೆ ವಿಧೇಯನಾಗಬೇಕಾದವನು ದೇವರ ಹೆಸರು ಹೇಳಿದ ಮನುಷ್ಯನಿಗೆ ವಿಧೇಯನಾದನು.

ವ್ಯಾಸಂಗವನ್ನು ಬಿಡಬೇಕೆಂಬ ಆಜ್ಞೆ ಸತ್ಯವೇದದಲ್ಲಿಲ್ಲ. ನಿಮ್ಮ ನಾಯಕರಿಗೆ ಗೌರವದಿಂದಲೇ ಇದನ್ನು ಹೇಳಿ, ಈ ಮಾತಿಗೆ ವಾಕ್ಯದ ಆಧಾರವೇನೆಂದು ಕೇಳಿ. ನಿಮ್ಮ ತಂದೆತಾಯಿಯೊಂದಿಗೂ, ಆ ಸಭೆಯ ಹಂಗಿಲ್ಲದ ಇಬ್ಬರು ಮೂವರು ಪ್ರೌಢ ವಿಶ್ವಾಸಿಗಳೊಂದಿಗೂ ವಿಷಯವನ್ನು ಬಿಚ್ಚಿ ಮಾತನಾಡಿ. ಪ್ರಶ್ನೆ ಕೇಳಿದ್ದಕ್ಕೇ ಶಾಪದ ಬೆದರಿಕೆ ಬಂದರೆ, ಆ ಸಭೆಯಲ್ಲಿ ಮುಂದುವರಿಯಬೇಕೇ ಎಂಬುದನ್ನೂ ಅವರೊಂದಿಗೇ ಯೋಚಿಸಿ ನಿರ್ಧರಿಸಿ. ಅಲ್ಲಿಯವರೆಗೆ ತರಗತಿಗಳನ್ನು ತಪ್ಪಿಸಬೇಡಿ.