ಪಿಟಿಟಿ ಒತ್ತಿದಾಗ ವಾಕಿಟಾಕಿಯೊಳಗೆ ಏನಾಗುತ್ತದೆ?

ಪ್ರಶ್ನೆ: ಈಚೆಗೆ ಹ್ಯಾಮ್ (ಹವ್ಯಾಸಿ ರೇಡಿಯೊ) ಪರೀಕ್ಷೆ ಪಾಸು ಮಾಡಿ 5 ವ್ಯಾಟ್‌ನ ಹ್ಯಾಂಡಿ ಸೆಟ್ ಕೊಂಡಿದ್ದೇನೆ. ಸುಮ್ನೆ ಕೇಳಿಸಿಕೊಳ್ಳುತ್ತಿದ್ದರೆ ಬ್ಯಾಟರಿ ಇಡೀ ದಿನ ಬರುತ್ತದೆ. ಹತ್ತು ನಿಮಿಷ ಮಾತಾಡಿದರೆ ಸೆಟ್ಟಿನ ಬೆನ್ನು ಬಿಸಿಯಾಗುತ್ತದೆ. ಒಳಗೆ ಏನು ನಡೆಯುತ್ತದೆ? ಜೋರಾಗಿ ಮಾತಾಡಿದರೆ ದೂರ ಹೋಗುತ್ತದೆ ಅಂತಾರೆ, ನಿಜವೇ?
– ಓದುಗರೊಬ್ಬರು, ಹಾಸನ

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ. ಕೂಗಿದರೆ ದೂರ ಹೋಗುವುದಿಲ್ಲ. ನೀವು ಬಾಯಿ ತೆರೆಯದಿದ್ದರೂ ಪಿಟಿಟಿ, ಅಂದರೆ ಮಾತಾಡಲು ಒತ್ತುವ ಗುಂಡಿ, ಒತ್ತಿದರೆ ಪೂರ್ತಿ 5 ವ್ಯಾಟ್ ಹೊರಡುತ್ತದೆ. ನಿಮ್ಮ ದನಿ ಆ ಪವರನ್ನು ಏರಿಸುವುದೂ ಇಲ್ಲ, ಇಳಿಸುವುದೂ ಇಲ್ಲ. ಅಲೆಯ ಆವರ್ತನವನ್ನು ಮಾತ್ರ ಕೊಂಚ ಅತ್ತಿತ್ತ ತೂಗುತ್ತದೆ. ಎಫ್‌ಎಂ ಅಂದರೆ ಇದೇ. ಹಾಡುಗಾರರ ಗಮಕ ಕೇಳಿದ್ದೀರಲ್ವಾ? ಸ್ವರ ಒಂದೇ, ಅದನ್ನು ಮೇಲೆ ಕೆಳಗೆ ಓಲಾಡಿಸುತ್ತಾರೆ. ಇಲ್ಲಿ ಸ್ವರ 145.5 ಮೆಗಾಹರ್ಟ್ಸ್. ಓಲಾಟ ಹೆಚ್ಚೆಂದರೆ ಆಚೆ 5, ಈಚೆ 5 ಕಿಲೊಹರ್ಟ್ಸ್. ಕಿರಿದಾದ 12.5 ಕಿಲೊಹರ್ಟ್ಸ್ ಚಾನಲ್ಲಾದರೆ ಅದರಲ್ಲೂ ಅರ್ಧ.

ಅದನ್ನು ಮೀರಿದರೆ ಪಕ್ಕದ ಚಾನಲ್ಲಿನವರಿಗೆ ತೊಂದರೆ. ಅದಕ್ಕೇ ಮೈಕಿನ ಹಿಂದೆ ಲಿಮಿಟರ್ ಅನ್ನುವ ಕಾವಲುಗಾರನಿದ್ದಾನೆ. ನೀವು ಕೂಗಿದಷ್ಟೂ ಅವನು ಸಿಗ್ನಲ್ಲಿನ ತಲೆ ಕತ್ತರಿಸುತ್ತಾನೆ. ಆ ಕಡೆಯವರಿಗೆ ಕೇಳುವುದು ಒಡಕು ದನಿ. ಲಿಮಿಟರ್‌ಗಿಂತ ಮುಂಚೆ ಇನ್ನೊಂದು ಸಣ್ಣ ಕೆಲಸ ಆಗಿರುತ್ತದೆ. ಸ, ಶ ಥರದ ಚೂಪು ಸದ್ದುಗಳನ್ನು ಎತ್ತಿ ಕೊಡುವುದು. ಎಫ್‌ಎಂನಲ್ಲಿ ಗೊರಗೊರ ಸದ್ದು ಎತ್ತರದ ದನಿಗಳ ಕಡೆಗೇ ಜಾಸ್ತಿ. ಕಳಿಸುವಾಗ ಎತ್ತಿ, ಕೇಳುವ ಸೆಟ್ಟಿನಲ್ಲಿ ಅಷ್ಟೇ ಇಳಿಸಿದರೆ ಗೊರಗೊರವೂ ಇಳಿಯುತ್ತದೆ.

ಇನ್ನು 145.5ರ ಸ್ವರ ಹುಟ್ಟುವುದು ಎಲ್ಲಿ? ವಿಸಿಒ ಅನ್ನುವ ಆಸಿಲೇಟರ್‌ನಲ್ಲಿ, ಅಂದರೆ ಅಲೆ ಹುಟ್ಟಿಸುವ ಸರ್ಕ್ಯೂಟಿನಲ್ಲಿ. ಒಂದು ಕಾಯಿಲ್, ಒಂದು ಟ್ರಾನ್ಸಿಸ್ಟರ್, ಒಂದು ವ್ಯಾರಾಕ್ಟರ್ ಡಯೋಡ್. ವ್ಯಾರಾಕ್ಟರ್‌ಗೆ ಕೊಡುವ ವೋಲ್ಟೇಜು ಬದಲಾದರೆ ಆವರ್ತನ ಬದಲಾಗುತ್ತದೆ. ಆದರೆ ಇದು ಬಲು ಚಂಚಲ. ಬಿಸಿ ತಾಗಿದರೆ ಸಾಕು, ಜಾರುತ್ತದೆ. ಹಿಡಿದಿಡಲು ಪಿಎಲ್‌ಎಲ್ ಅನ್ನುವ ಕಾವಲು ಸರ್ಕ್ಯೂಟ್ ಬೇಕು. ಶ್ರುತಿಪೆಟ್ಟಿಗೆಯ ಜಾಗದಲ್ಲಿ ಅಲುಗದ ಒಂದು ಕ್ರಿಸ್ಟಲ್ ಇರುತ್ತದೆ. 12.8 ಮೆಗಾಹರ್ಟ್ಸಿನದು ಅನ್ನೋಣ. ಅದನ್ನು 1024ರಿಂದ ಭಾಗಿಸಿದರೆ ಸರಿಯಾಗಿ 12.5 ಕಿಲೊಹರ್ಟ್ಸ್. ಅತ್ತ ವಿಸಿಒದ 145.5 ಮೆಗಾಹರ್ಟ್ಸನ್ನು 11,640ರಿಂದ ಭಾಗಿಸಿದರೂ ಅಷ್ಟೇ ಬರಬೇಕು. ಪಿಎಲ್‌ಎಲ್ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡುತ್ತದೆ. ಕೊಂಚ ತಪ್ಪಿದರೂ ವ್ಯಾರಾಕ್ಟರ್ ವೋಲ್ಟೇಜನ್ನು ತಿದ್ದುತ್ತದೆ. ನೀವು ಚಾನಲ್ ತಿರುಗಿಸಿದಾಗ ನಿಜವಾಗಿ ಬದಲಾಗುವುದು ಆ 11,640 ಮಾತ್ರ. 11,641 ಆದರೆ ನೀವು 145.5125ರಲ್ಲಿದ್ದೀರಿ.

ಇಲ್ಲೊಂದು ತಮಾಷೆಯಿದೆ. ಮಾತು ವಿಸಿಒವನ್ನು ಓಲಾಡಿಸಬೇಕು, ಪಿಎಲ್‌ಎಲ್‌ನ ಕೆಲಸವೋ ಓಲಾಡಗೊಡದಿರುವುದು. ಯಾವುದು ಮಾತು, ಯಾವುದು ತಪ್ಪು ಅಂತ ಅದಕ್ಕೆ ತಿಳಿಯದು. ಹಾಗಾಗಿ ಅದನ್ನು ಬೇಕೆಂತಲೇ ನಿಧಾನದ್ದಾಗಿ ಮಾಡುತ್ತಾರೆ. ಮಾತಿನ ಕಂಪನಗಳು ಸುಮಾರು 300 ಹರ್ಟ್ಸಿನಿಂದ ಮೇಲೆ. ಪಿಎಲ್‌ಎಲ್ ತಿದ್ದಲು ಎದ್ದು ಬರುವಷ್ಟರಲ್ಲಿ ಅವು ಬಂದು ಹೋಗಿರುತ್ತವೆ. ಆದರೆ ರಿಪೀಟರ್ (ಸಿಗ್ನಲ್ ಹಿಡಿದು ದೂರಕ್ಕೆ ಮರಳಿ ಕಳಿಸುವ ನಿಲ್ದಾಣ) ತೆರೆಯಲು ಕಳಿಸುವ ಟೋನ್ ಇದೆಯಲ್ಲ, ಅದು 67ರಿಂದ 250 ಹರ್ಟ್ಸಿನ ಆಸುಪಾಸಿನದು. ಅಷ್ಟು ನಿಧಾನದ ಓಲಾಟವನ್ನು ಪಿಎಲ್‌ಎಲ್ ಹಿಡಿದು ನುಂಗಿಬಿಡಬಹುದು. ಅದಕ್ಕೆ ಹಲವು ಸೆಟ್‌ಗಳಲ್ಲಿ ಆ ಕ್ರಿಸ್ಟಲ್ಲನ್ನೂ ಅದೇ ಟೋನಿನಿಂದ ಅಲುಗಿಸುತ್ತಾರೆ. ಗುರು, ಶಿಷ್ಯ ಇಬ್ಬರೂ ಒಟ್ಟಿಗೆ ಓಲಾಡಿದರೆ ತಪ್ಪು ಹಿಡಿಯುವವರು ಯಾರು? ಇಡೀ ಸೆಟ್ಟಿನಲ್ಲಿ ನನಗೆ ಬಹಳ ಇಷ್ಟವಾದ ಜಾಗ ಇದು. ಈಗಿನ ಅಗ್ಗದ ಸೆಟ್‌ಗಳಲ್ಲಿ ಇಷ್ಟೂ ಒಂದೇ ಚಿಪ್ಪಿನೊಳಗೆ ನಡೆದುಹೋಗುತ್ತದೆ, ಬಿಚ್ಚಿದರೂ ಏನೂ ಕಾಣುವುದಿಲ್ಲ.

ಈಗ ನಿಮ್ಮ ಬಿಸಿಗೆ ಬರೋಣ. ವಿಸಿಒದಿಂದ ಸಿಗುವುದು ಒಂದು ಮಿಲಿವ್ಯಾಟಿನ ಆಸುಪಾಸು. ಅದನ್ನು ಐದು ಸಾವಿರ ಪಟ್ಟು ಹಿಗ್ಗಿಸಬೇಕು. ಬಫರ್, ಡ್ರೈವರ್ ಅನ್ನುವ ಹಂತಗಳನ್ನು ದಾಟಿ ಬಂದ ಮೇಲೆ ಕೊನೆಯ ಹೆಜ್ಜೆ ಇಡುವುದು ಕಡಲೆಕಾಳಿನಷ್ಟು ದೊಡ್ಡ ಒಂದು ಮಾಸ್‌ಫೆಟ್ ಟ್ರಾನ್ಸಿಸ್ಟರ್. ರಿಪೇರಿ ಮಾಡುವವರು ಇದನ್ನು ಫೈನಲ್ ಅನ್ನುತ್ತಾರೆ. ಎಫ್‌ಎಂ ಅಲೆಯ ಎತ್ತರ ಬದಲಾಗುವುದಿಲ್ಲವಾದ್ದರಿಂದ ಫೈನಲ್‌ಗೆ ಒಂದು ಅನುಕೂಲ. ಅಲೆಯ ಆಕಾರವನ್ನು ಅದು ಕಾಪಾಡಬೇಕಿಲ್ಲ. ಜೋಕಾಲಿಯನ್ನು ಇಡೀ ಹೊತ್ತು ಹಿಡಿದು ತಳ್ಳುತ್ತೀವಾ? ಹಿಂದೆ ಬಂದಾಗ ಒಂದು ತಳ್ಳು, ಅಷ್ಟೇ. ಇದೂ ಹಾಗೆ ತಳ್ಳಿ ತಳ್ಳಿ ಬಿಡುತ್ತದೆ, ಬ್ಯಾಟರಿ ಉಳಿಯುತ್ತದೆ. ಆದರೂ ಲೆಕ್ಕ ನೋಡಿ. 7.4 ವೋಲ್ಟಿನ ಬ್ಯಾಟರಿಯಿಂದ 1.5 ಆಂಪಿಯರ್ ಎಳೆದರೆ 11 ವ್ಯಾಟ್. ಆಂಟೆನಾಗೆ 5, ಉಳಿದ 6 ನಿಮ್ಮ ಅಂಗೈಗೆ.

ಹೀಗೆ ತಳ್ಳುವುದರಿಂದ ಒಂದು ಗಲೀಜೂ ಹುಟ್ಟುತ್ತದೆ. 145ರ ಜೊತೆಗೆ ಅದರ ಎರಡರಷ್ಟು 290, ಮೂರರಷ್ಟು 435 ಮೆಗಾಹರ್ಟ್ಸಿನ ಅಲೆಗಳೂ ಏಳುತ್ತವೆ. 435 ಅಂದರೆ ಹ್ಯಾಮ್‌ಗಳದೇ ಇನ್ನೊಂದು ಬ್ಯಾಂಡು! ಫೈನಲ್ ಆದಮೇಲೆ ಸಾಲಾಗಿ ಕಾಣುವ ಪುಟ್ಟ ಕಾಯಿಲ್‌ಗಳು ಇದನ್ನು ತಡೆಯುವ ಲೋ ಪಾಸ್ ಫಿಲ್ಟರ್. ತೀರಾ ಅಗ್ಗದ ಸೆಟ್ಟುಗಳಲ್ಲಿ ದುಡ್ಡು ಉಳಿಸುವುದು ಸಾಮಾನ್ಯವಾಗಿ ಇಲ್ಲೇ.

ಇಷ್ಟೆಲ್ಲ ಆಗಿ ಬಂದ ಪವರ್ ಹೋಗುವುದು ರಿಸೀವರ್ ಕೂಡ ಬಳಸುವ ಅದೇ ಆಂಟೆನಾಗೆ. 50 ಓಮ್‌ನ ಆಂಟೆನಾದಲ್ಲಿ 5 ವ್ಯಾಟ್ ಅಂದರೆ ಸುಮಾರು 16 ವೋಲ್ಟ್. ರಿಸೀವರ್ ಕಿವಿಗೊಟ್ಟು ಕಾಯುವುದು ಮೈಕ್ರೊವೋಲ್ಟಿನ ಹತ್ತರಲ್ಲಿ ಎರಡು ಪಾಲಿಗೆ. ಎಂಟು ಕೋಟಿ ಪಟ್ಟು ಅಂತರ. ರಿಸೀವರನ್ನು ಕಾಪಾಡುವವು ಸ್ವಿಚ್ಚಿನಂತೆ ಕೆಲಸ ಮಾಡುವ ಎರಡು ಪಿನ್ ಡಯೋಡ್‌ಗಳು. ಪಿಟಿಟಿ ಒತ್ತಿದಾಗ ಒಂದು ಫೈನಲ್‌ಗೆ ದಾರಿ ಬಿಡುತ್ತದೆ, ಇನ್ನೊಂದು ರಿಸೀವರ್‌ನ ಬಾಯನ್ನು ಗ್ರೌಂಡಿಗೆ ಕೂಡಿಸುತ್ತದೆ.

ಎಲ್ಲದಕ್ಕೂ ಸರದಿ ಇದೆ. ಮೊದಲು ಪಿಎಲ್‌ಎಲ್ ಸ್ವರ ಹಿಡಿಯಬೇಕು, ಆಮೇಲೆ ಫೈನಲ್ ಏಳಬೇಕು. ಇಲ್ಲದಿದ್ದರೆ ಸಿಗ್ನಲ್ ದಾರಿಯುದ್ದಕ್ಕೂ ಬೇರೆಯವರ ಚಾನಲ್ಲುಗಳ ಮೇಲೆ ಹಾದುಹೋಗುತ್ತದೆ. ಆ ಕಡೆಯ ಸೆಟ್ಟಿಗೂ ಟೋನ್ ಗುರುತಿಸಲು ಹೊತ್ತು ಬೇಕು. ಒತ್ತಿದ ತಕ್ಷಣ ಮಾತಾಡಿದರೆ ಮೊದಲ ಪದ ಹೋಗುವುದು ಇದಕ್ಕೇ. ಒತ್ತಿ, ಅರ್ಧ ಸೆಕೆಂಡು ಬಿಟ್ಟು ಮಾತಾಡಿ. ಆಂಟೆನಾ ಇಲ್ಲದೆ ಮಾತ್ರ ಒತ್ತಬೇಡಿ. ಹೋಗಲು ದಾರಿಯಿಲ್ಲದ ಪವರ್ ಫೈನಲ್‌ಗೇ ವಾಪಸು ಬರುತ್ತದೆ. ಕಲಿಯುವ ಕಾಲದಲ್ಲಿ ನಾನು ಒಂದು ಸೆಟ್ಟನ್ನು ಹೀಗೇ ಸುಟ್ಟಿದ್ದೆ.

ಪ್ರಶ್ನೆ: 5ರ ಬದಲು 10 ವ್ಯಾಟಿನ ಸೆಟ್ ತಂದರೆ ಎರಡು ಪಟ್ಟು ದೂರ ಸಿಗುತ್ತದಾ?
– ಓದುಗರೊಬ್ಬರು, ತುಮಕೂರು

ಉತ್ತರ: ಇಲ್ಲ. ಎರಡರಷ್ಟು ಪವರ್ ಅಂದರೆ 3 ಡೆಸಿಬೆಲ್. ಕೇಳುವ ಸೆಟ್ಟಿನ ಸಿಗ್ನಲ್ ಮೀಟರಿನ ಮುಳ್ಳು ಅರ್ಧ ಗೆರೆ ಅಲುಗಿದರೆ ಹೆಚ್ಚು. ಈ ಅಲೆಗಳಿಗೆ ಅಡ್ಡಿ ಭೂಮಿಯ ಬಾಗು. ಒಂದೂವರೆ ಮೀಟರ್ ಎತ್ತರದಲ್ಲಿ ಹಿಡಿದ ಸೆಟ್ಟಿಗೆ ಸಿಗುವ ದಿಗಂತ ಬಯಲಿನಲ್ಲೂ 5 ಕಿಲೊಮೀಟರ್. ಆ ದುಡ್ಡು ಉಳಿಸಿ ಮಹಡಿ ಹತ್ತಿ. ಇಲ್ಲವೇ ಗಿಡ್ಡ ರಬ್ಬರ್ ಆಂಟೆನಾ ತೆಗೆದು ಸುಮಾರು 50 ಸೆಂಟಿಮೀಟರಿನ, ಅಂದರೆ ಅಲೆಯ ಉದ್ದದ ಕಾಲು ಭಾಗದಷ್ಟಿರುವ ಆಂಟೆನಾ ಹಾಕಿ.

ಪ್ರಶ್ನೆ: ಊರ ಜಾತ್ರೆಯ ಸ್ವಯಂಸೇವಕರಿಗೆ ಆನ್‌ಲೈನಿನಲ್ಲಿ ಸಿಗುವ ಸೆಟ್ ತರಿಸಬಹುದೇ?
– ಓದುಗರೊಬ್ಬರು, ಶಿರಸಿ

ಉತ್ತರ: 5 ವ್ಯಾಟಿನವನ್ನು ತರಿಸಬೇಡಿ, ಲೈಸೆನ್ಸ್ ಬೇಕು. ಹ್ಯಾಮ್ ಲೈಸೆನ್ಸ್ ಇದ್ದವರೂ 144–146 ಬ್ಯಾಂಡನ್ನು ಇಂಥ ಕೆಲಸಕ್ಕೆ ಬೇರೆಯವರ ಕೈಗೆ ಕೊಡುವಂತಿಲ್ಲ. ಲೈಸೆನ್ಸ್ ಬೇಡದ್ದು 446.0–446.2 ಮೆಗಾಹರ್ಟ್ಸಿನ ಕಡಿಮೆ ಪವರಿನ ಸೆಟ್. ಅದಕ್ಕೂ ಸರಕಾರದ ಇಟಿಎ ಅನುಮೋದನೆ ಇದೆಯೇ ಅಂತ ನೋಡಿ ಕೊಳ್ಳಿ. ಜಾತ್ರೆ ಮೈದಾನಕ್ಕೆ ಅದು ಸಾಕು.