ದಿನಕ್ಕೆ ಐದಾರು ಸಲ ಕ್ಯಾತಿಟರ್ ಹಾಕಿದರೆ ಸೋಂಕಾಗದೇ?

ಪ್ರಶ್ನೆ: ತಮ್ಮನಿಗೆ 34 ವರ್ಷ. ಕಾಳುಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು. ಸೊಂಟದ ಕೆಳಗೆ ಸ್ವಾಧೀನವಿಲ್ಲ, ಕೈಗಳು ಚೆನ್ನಾಗಿವೆ. ಯೂರಿನ್ ಬ್ಯಾಗ್ ಇದ್ದಾಗ ಎರಡು ಸಲ ಚಳಿಜ್ವರ ಬಂತು. ಈಗ ಡಾಕ್ಟರು ಬ್ಯಾಗ್ ತೆಗೆಸಿ, ದಿನಕ್ಕೆ ಐದಾರು ಸಲ ಅವನೇ ಕ್ಯಾತಿಟರ್ (ಮೂತ್ರ ತೆಗೆಯುವ ಕೊಳವೆ) ಹಾಕಿಕೊಂಡು ಮೂತ್ರ ತೆಗೆಯಲಿ ಎಂದಿದ್ದಾರೆ. ಸೋಂಕು ಇನ್ನೂ ಹೆಚ್ಚಾಗುವುದಿಲ್ಲವೇ?
- ಓದುಗರೊಬ್ಬರು, ಸೋಮವಾರಪೇಟೆ ತಾಲ್ಲೂಕು

ಉತ್ತರ: ಸರಿಯಾಗಿ ಮಾಡಿದರೆ ಸಾಮಾನ್ಯವಾಗಿ ಕಡಿಮೆಯೇ ಆಗುತ್ತದೆ. ಬ್ಯಾಗಿಗೆ ಜೋಡಿಸಿ ಹಗಲೂ ರಾತ್ರಿ ಒಳಗೇ ಇರುವ ಕೊಳವೆಯ ಮೇಲೆ ರೋಗಾಣುಗಳು ಲೋಳೆಯ ಪದರ ಕಟ್ಟಿಕೊಂಡು ಕೂರುತ್ತವೆ. ಹಾಕಿ ತೆಗೆಯುವ ಕೊಳವೆಯ ಜೊತೆ ಒಂದಿಷ್ಟು ಒಳಹೋದರೂ ಮುಂದಿನ ಸಲದ ಮೂತ್ರದಲ್ಲಿ ಬಹುಪಾಲು ತೊಳೆದುಹೋಗುತ್ತವೆ. ಹೆಚ್ಚಿನ ಅಪಾಯ ಮೂತ್ರಕೋಶ ತುಂಬಿ ಬಿಗಿದಾಗ: ಹಿಗ್ಗಿದ ಗೋಡೆಗೆ ರಕ್ತ ಸರಿಯಾಗಿ ಹರಿಯದೆ ತಡೆಯುವ ಶಕ್ತಿ ಕುಗ್ಗುತ್ತದೆ. ಅಮೆರಿಕದ ವೈದ್ಯ ಲ್ಯಾಪಿಡೀಸ್ 1972ರಲ್ಲಿ ಈ ಕ್ರಮವನ್ನು ಮುಂದಿಟ್ಟಾಗ ಒತ್ತಿ ಹೇಳಿದ್ದೂ ಇದನ್ನೇ. ಸೋಪು ಹಾಕಿ ತೊಳೆದ ಕೈ ಸಾಕು, ಹೊತ್ತು ಮಾತ್ರ ತಪ್ಪಬಾರದು.

ಮೊದಲ ಕೆಲವು ಸಲ ನರ್ಸ್ ಎದುರಿಗೇ ಮಾಡಲಿ. ಗಂಡಸರಿಗೆ ಸಾಮಾನ್ಯವಾಗಿ 12 ಅಥವಾ 14ನೇ ನಂಬರ್. ನೀರಿನಲ್ಲಿ ಕರಗುವ ಜೆಲ್ಲಿಯನ್ನೇ ಧಾರಾಳವಾಗಿ ಹಚ್ಚಲಿ, ಕೊಬ್ಬರಿ ಎಣ್ಣೆ ಬೇಡ. ಶಿಶ್ನವನ್ನು ಹೊಟ್ಟೆಯ ಕಡೆಗೆ ಎತ್ತಿ ಹಿಡಿದರೆ ದಾರಿ ನೇರವಾಗುತ್ತದೆ. ಸುಮಾರು ಗೇಣುದ್ದ ಹೋದಮೇಲೆ ಬಿಗಿ ಹತ್ತುತ್ತದೆ, ಅಲ್ಲಿ ನೂಕಬಾರದು. ದೀರ್ಘವಾಗಿ ಉಸಿರು ಬಿಡುತ್ತಾ ಹಗುರವಾಗಿ ಒತ್ತಿ ಹಿಡಿದರೆ ಸ್ನಾಯು ಸಡಿಲುತ್ತದೆ. ಮೂತ್ರ ಬಂದಮೇಲೆ ಇನ್ನೆರಡು ಸೆಂಟಿಮೀಟರ್ ಒಳಗೆ. ಮೂತ್ರ ಬರುವುದು ನಿಂತಮೇಲೆ ಕೊಳವೆಯನ್ನು ನಿಧಾನವಾಗಿ ಎಳೆಯಲಿ. ಮತ್ತೆ ಹನಿದರೆ ಎಳೆಯುವುದನ್ನು ಅಲ್ಲೇ ನಿಲ್ಲಿಸಲಿ. ತಳದಲ್ಲಿ ಉಳಿದದ್ದು ಆಗಲೇ ಬರುವುದು.

ಪ್ರತಿ ಸಲವೂ ಅಳೆದು ಬರೆದಿಡಿ. 500 ಮಿಲೀ ದಾಟಿದರೆ ಅಂತರ ಕಡಿಮೆ ಮಾಡಿ. ದಿನಕ್ಕೆ ಒಂದೂವರೆ-ಎರಡು ಲೀಟರ್ ದ್ರವ ಸಾಕು, ಕಾಫಿಯೂ ಅದರಲ್ಲೇ ಸೇರಿತು. ಮಳೆಗಾಲದ ಚಳಿಯಲ್ಲಿ ಬೆವರದೆ ಮೂತ್ರ ಹೆಚ್ಚುತ್ತದೆ. ಹಗಲೆಲ್ಲ ವೀಲ್‌ಚೇರಿನಲ್ಲಿ ಕೂತು ಕಾಲಿಗಿಳಿದ ನೀರು ರಾತ್ರಿ ಮಲಗಿದ ಮೇಲೆ ಮೂತ್ರವಾಗುತ್ತದೆ. ಮಧ್ಯಾಹ್ನ ಒಂದು ಗಂಟೆ ಕಾಲು ಎತ್ತರಿಸಿ ಮಲಗಿದರೆ ನಡುರಾತ್ರಿಯ ತೊಂದರೆ ತಗ್ಗೀತು.

ಪ್ಯಾಕೆಟಿನ ಪ್ರಕಾರ ಒಂದು ಕೊಳವೆ ಒಂದೇ ಸಲಕ್ಕೆ. ಖರ್ಚು ನೋಡಿ ತೊಳೆದು ಮತ್ತೆ ಬಳಸುವವರಿದ್ದಾರೆ, ಅದನ್ನು ಡಾಕ್ಟರನ್ನು ಕೇಳಿಯೇ ಮಾಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮಲ್ಲಿ ಬಟ್ಟೆಯೇ ಒಣಗುವುದಿಲ್ಲ, ಕೊಳವೆಯ ಒಳಭಾಗ ಒಣಗೀತೇ? ಆ ತಿಂಗಳುಗಳಲ್ಲಾದರೂ ಹೊಸದೇ ಇರಲಿ. ಬಚ್ಚಲೊಲೆಯ ಬಳಿ ಒಣಗಿಸಬೇಡಿ, ಪ್ಲಾಸ್ಟಿಕ್ ಮೆತ್ತಗಾಗಿ ಸೊಟ್ಟಗಾಗುತ್ತದೆ.

ಮೂತ್ರ ಕದಡಿದೆ, ವಾಸನೆಯಿದೆ ಎಂಬುದಕ್ಕೇ ಆ್ಯಂಟಿಬಯೋಟಿಕ್ ಬೇಡ. ಜ್ವರ, ಹೊಸದಾಗಿ ಸೋರಿಕೆ, ಕಾಲಿನ ಸೆಳೆತ ಹೆಚ್ಚಾದರೆ ತೋರಿಸಿ. ರಕ್ತ ನಿಲ್ಲದಿದ್ದರೆ ಅಥವಾ ಕೊಳವೆ ಒಳಗೇ ಹೋಗದಿದ್ದರೆ ಅಂದೇ ಆಸ್ಪತ್ರೆಗೆ. ವರ್ಷಕ್ಕೊಮ್ಮೆ ಕಿಡ್ನಿ ಸ್ಕ್ಯಾನ್ ಮಾಡಿಸಿ. ಕಾಲಿನ ಮಾಂಸ ಕರಗಿದವರಲ್ಲಿ ಕ್ರಿಯಾಟಿನಿನ್ (ಕಿಡ್ನಿಯ ಕೆಲಸ ತಿಳಿಯಲು ರಕ್ತದಲ್ಲಿ ನೋಡುವ ಅಂಶ) ಕಡಿಮೆಯೇ ತೋರಿಸುತ್ತದೆ. ಅದು ನಾರ್ಮಲ್ ಬಂತೆಂದು ಸ್ಕ್ಯಾನ್ ಬಿಡಬೇಡಿ.