ಐದೂವರೆ ವರ್ಷದ ಮಗುವಿಗೆ ಮನೆಪಾಠ: ಬೆಳಗಿನ ಹೊತ್ತು ಕನ್ನಡಕ್ಕಿರಲಿ

ಟೆಕ್ಸಸ್‌ಗೆ ಬಂದು ಎರಡು ತಿಂಗಳಾಯಿತು, ಮಗಳಿಗೆ ಐದೂವರೆ ವರ್ಷ, ಸ್ಕೂಲಿಗೆ ಹಾಕದೆ ಮನೆಯಲ್ಲೇ ಓದಿಸಬೇಕೆಂದಿದ್ದೇವೆ ಅಂತ ಬರೆದಿದ್ದೀರಿ. ವಾರದ ಟೈಮ್‌ಟೇಬಲ್ ಹೇಗಿರಬೇಕು, ದಿನಕ್ಕೆ ಎಷ್ಟು ಹೊತ್ತು, ಕಾನೂನಿನ ತೊಡಕು ಇದೆಯೇ, ಬೇರೆ ಮಕ್ಕಳ ಜೊತೆ ಬೆರೆಯುವುದು ಹೇಗೆ ಎಂದೂ ಕೇಳಿದ್ದೀರಿ. ನಾವು ಹೊಸದಾಗಿ ಬಂದಾಗ ಇದನ್ನೇ ಕೇಳಿದರೆ ಎಲ್ಲರೂ ಪುಸ್ತಕಗಳ ಪಟ್ಟಿ ಕೊಡುತ್ತಿದ್ದರು, ದಿನದ ಲೆಕ್ಕ ಯಾರೂ ಹೇಳುತ್ತಿರಲಿಲ್ಲ. ಹಾಗಾಗಿ ಲೆಕ್ಕವನ್ನೇ ಬರೆಯುತ್ತೇನೆ.

ಕಾನೂನನ್ನು ಮೊದಲು ಮುಗಿಸಿಬಿಡೋಣ. ಟೆಕ್ಸಸ್‌ನಲ್ಲಿ ಮನೆಪಾಠಕ್ಕೆ ಖಾಸಗಿ ಶಾಲೆಯ ಸ್ಥಾನವೇ ಇದೆ. ಲೀಪರ್ ಮೊಕದ್ದಮೆಯಲ್ಲಿ 1994ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಓದು, ಸ್ಪೆಲಿಂಗ್, ವ್ಯಾಕರಣ, ಗಣಿತ, ಪೌರನೀತಿ ಇಷ್ಟನ್ನು ಬರಹದಲ್ಲಿರುವ ಪಠ್ಯ ಇಟ್ಟುಕೊಂಡು ಪ್ರಾಮಾಣಿಕವಾಗಿ ಕಲಿಸಬೇಕು, ಅಷ್ಟೆ. ಅನುಮತಿ ಬೇಡ, ಪರೀಕ್ಷೆ ಇಲ್ಲ. ಒಂದೇ ಎಚ್ಚರಿಕೆ: ಮಗಳ ಹೆಸರನ್ನು ಈಗಾಗಲೇ ಸರ್ಕಾರಿ ಸ್ಕೂಲಿನಲ್ಲಿ ಬರೆಸಿದ್ದರೆ, ಸುಮ್ಮನೆ ಕಳಿಸುವುದನ್ನು ನಿಲ್ಲಿಸಬೇಡಿ. ಮನೆಯಲ್ಲಿ ಓದಿಸುತ್ತಿದ್ದೇವೆ ಎಂದು ತಾರೀಖು ಹಾಕಿ ಪತ್ರ ಕೊಟ್ಟು ಹೆಸರು ತೆಗೆಸಿ, ಪ್ರತಿ ಇಟ್ಟುಕೊಳ್ಳಿ. ಇಲ್ಲದಿದ್ದರೆ ಗೈರುಹಾಜರಿಯ ನೋಟಿಸು ಬರುತ್ತದೆ.

ದಿನಕ್ಕೆ ಒಂದೂಕಾಲು ಗಂಟೆ ಸಾಕು. ಕೇಳಿದ ಕೂಡಲೇ ಊರಿನಲ್ಲಿರುವ ಹಿರಿಯರು "ಇಷ್ಟೇನಾ?" ಅನ್ನುತ್ತಾರೆ, ಅನ್ನಲಿ. ಮೂವತ್ತು ಮಕ್ಕಳ ತರಗತಿಯಲ್ಲಿ ಸಾಲು ನಿಲ್ಲಿಸುವುದಕ್ಕೆ, ಹಾಜರಿ ಹಾಕುವುದಕ್ಕೆ ಹೋಗುವ ಹೊತ್ತು ಮನೆಯಲ್ಲಿ ಹೋಗುವುದಿಲ್ಲ. ಎಂಟೂವರೆಗೆ ಕನ್ನಡ ಇಪ್ಪತ್ತು ನಿಮಿಷ. ಕಾಲು ಗಂಟೆ ಓಡಾಟ. ಆಮೇಲೆ ಲೆಕ್ಕ ಇಪ್ಪತ್ತು ನಿಮಿಷ. ಮತ್ತೆ ಬಿಡುವು. ಇಂಗ್ಲಿಷ್ ಓದು ಹದಿನೈದು ನಿಮಿಷ, ಕೊನೆಗೆ ನೀವು ಗಟ್ಟಿಯಾಗಿ ಕಥೆ ಓದಿ ಹೇಳುವುದು ಇಪ್ಪತ್ತು ನಿಮಿಷ. ಈ ವಯಸ್ಸಿನಲ್ಲಿ ತಲೆಗಿಂತ ಮೊದಲು ಕೈ ಸೋಲುತ್ತದೆ. ಪುಟ ತುಂಬ ತಿದ್ದಿಸಿದರೆ ಕೊನೆಯ ಸಾಲಿನ ಅಕ್ಷರ ಮೊದಲ ಸಾಲಿಗಿಂತ ಕೆಟ್ಟಿರುತ್ತದೆ, ಕೈಗೆ ಕೂರುವುದೂ ಆ ಕೆಟ್ಟದ್ದೇ. ಐದಾರು ಅಕ್ಷರ ಚೆನ್ನಾಗಿ ಬಂದರೆ ಪೆನ್ಸಿಲ್ ಕೆಳಗಿಡಿಸಿ. ಮುಷ್ಟಿ ಕಟ್ಟಿ ಪೆನ್ಸಿಲ್ ಹಿಡಿಯುತ್ತಿದ್ದರೆ ಎರಡು ಇಂಚಿನ ತುಂಡು ಕೊಡಿ. ಮುಷ್ಟಿಗೆ ಜಾಗವೇ ಇಲ್ಲದೆ ಬೆರಳುಗಳು ತಾವಾಗಿಯೇ ಸರಿಯಾಗಿ ಕೂರುತ್ತವೆ.

ಇಂಗ್ಲಿಷ್ ಓದು ಕಲಿಸುವಾಗ ನಮ್ಮವರು ಒಂದೇ ಕಡೆ ಎಡವುತ್ತಾರೆ. ಅಕ್ಷರದ ಹೆಸರಲ್ಲ, ಸದ್ದು ಹೇಳಿಕೊಡಿ. ಅದನ್ನೂ ಅಕಾರ ಸೇರಿಸದೆ ಹೇಳಿ. ನಮ್ಮ ಬಾಯಿಗೆ 'ಸ', 'ಟ', 'ಪ' ಅಭ್ಯಾಸ. ಹಾಗೆ ಹೇಳಿಕೊಟ್ಟರೆ ಮಗು ಮೂರು ಸದ್ದು ಕೂಡಿಸುವಾಗ 'ಸ-ಆ-ಟ' ಎನ್ನುತ್ತದೆಯೇ ಹೊರತು 'ಸ್ಯಾಟ್' ಹೊರಡುವುದಿಲ್ಲ. 'ಸ್', 'ಟ್', 'ಪ್' ಎಂದು ಕತ್ತರಿಸಿ ಹೇಳಿ. ಎಸ್, ಎ, ಟಿ, ಪಿ, ಐ, ಎನ್ ಈ ಆರರಿಂದ ಶುರು ಮಾಡಿದರೆ ಸ್ಯಾಟ್, ಪಿನ್, ಟ್ಯಾಪ್, ನ್ಯಾಪ್ ಎಲ್ಲ ಬೇಗ ಸಿಗುತ್ತವೆ. ಲೆಕ್ಕಕ್ಕೆ ಐಸ್‌ಕ್ರೀಮ್ ಕಡ್ಡಿ ನೂರು, ರಬ್ಬರ್‌ಬ್ಯಾಂಡ್ ಹತ್ತು. ಹತ್ತು ಕಡ್ಡಿಗೆ ಒಂದು ಕಟ್ಟು. 'ಥರ್ಟೀನ್' ಎಂದಾಗ ಮೂರು ಮೊದಲು ಕೇಳಿಸುವುದರಿಂದ ಹಲವು ಮಕ್ಕಳು 31 ಎಂದು ಬರೆಯುತ್ತಾರೆ. ಒಂದು ಕಟ್ಟು, ಮೂರು ಬಿಡಿ ಕಡ್ಡಿ ಎದುರಿಗಿಟ್ಟು ಬರೆಸಿದರೆ ಆ ಗೊಂದಲ ಕಳೆಯುತ್ತದೆ.

ಇನ್ನು ಕನ್ನಡ. ನೀವು ಕಳಿಸಿದ ಟೈಮ್‌ಟೇಬಲ್‌ನಲ್ಲಿ 'ಸಂಜೆ, ಬಿಡುವಿದ್ದರೆ' ಎಂದಿದೆ. ಇಲ್ಲಿ ಬಹಳ ಮನೆಗಳಲ್ಲಿ ಕನ್ನಡ ಕೈಬಿಟ್ಟದ್ದು ಆ 'ಬಿಡುವಿದ್ದರೆ'ಯಲ್ಲೇ. ಮನೆಯಲ್ಲಿ ಮಾತಾಡುತ್ತೇವಲ್ಲ, ತಾನಾಗಿಯೇ ಬರುತ್ತದೆ ಎಂಬ ಧೈರ್ಯ ಬೇಡ. ಪಾರ್ಕು, ಲೈಬ್ರರಿ, ಟೀವಿ, ಕಥೆ ಪುಸ್ತಕ ಎಲ್ಲವೂ ಇಂಗ್ಲಿಷ್. ಸಂಜೆ ಐದರ ಹೊತ್ತಿಗೆ ಮಗುವೂ ದಣಿದಿರುತ್ತದೆ, ನೀವೂ ದಣಿದಿರುತ್ತೀರಿ. ಮೊದಲು ಮಗು ಕನ್ನಡದ ಪ್ರಶ್ನೆಗೆ ಇಂಗ್ಲಿಷಿನಲ್ಲಿ ಉತ್ತರಿಸುತ್ತದೆ, ಆಮೇಲೆ ಪ್ರಶ್ನೆಯೂ ಇಂಗ್ಲಿಷಿಗೆ ತಿರುಗುತ್ತದೆ. ಎರಡನೆಯ ಮಗುವಿಗಂತೂ ಅಕ್ಕನ ಭಾಷೆಯೇ ಮನೆ ಭಾಷೆ. 'ಅರ್ಥವಾಗುತ್ತೆ, ಮಾತಾಡಲ್ಲ' ಎಂದು ಸಂಕಟದಿಂದ ಹೇಳುವ ಅಪ್ಪ-ಅಮ್ಮಂದಿರು ಇಲ್ಲಿ ಎಲ್ಲಿ ನೋಡಿದರೂ ಇದ್ದಾರೆ. ಇಂಗ್ಲಿಷಿನಲ್ಲಿ ಉತ್ತರ ಬಂದರೆ ಗದರಬೇಡಿ. 'ಐ ವಾಂಟ್ ದ ರೆಡ್ ಒನ್' ಎಂದರೆ, "ಕೆಂಪು ಬೇಕಾ? ತಗೋ" ಎಂದು ಅದೇ ಮಾತನ್ನು ಕನ್ನಡದಲ್ಲಿ ಹೇಳಿ ಮುಂದುವರಿಯಿರಿ.

ಅಕ್ಷರಗಳನ್ನು ಅ, ಆ, ಇ, ಈ ಎಂದು ಸಾಲಾಗಿ ಕಲಿಸಬೇಡಿ. ಸ್ವರಗಳೆಲ್ಲ ಮುಗಿದರೂ ಓದಲು ಒಂದು ಪದ ಸಿಗುವುದು ಕಷ್ಟ, ಮಗುವಿಗೆ ಬೇಸರ ಬಂದುಬಿಡುತ್ತದೆ. ಕರ್ನಾಟಕದ ನಲಿ-ಕಲಿ ತರಗತಿಗಳ ಕ್ರಮ ಒಳ್ಳೆಯದು: ಮೊದಲು ರ, ಗ, ಸ, ದ, ಅ. ಇಷ್ಟರಲ್ಲೇ ಸರ, ರಸ, ಅರಸ, ಅಗಸ, ಗರಗಸ ಓದಬಹುದು. ಆಮೇಲೆ ಜ, ವ, ಮ, ಬ, ನ. ಈಗ ಮರ, ಜನ, ನಗರ, ಬಸವ, ಅವಸರ. ವಾರಕ್ಕೆ ಎರಡೇ ಹೊಸ ಅಕ್ಷರ, ಸೋಮವಾರ. ಮಂಗಳವಾರ ಅವುಗಳಿಂದ ಪದ. ಗುರುವಾರ ಬರವಣಿಗೆಯೇ ಬೇಡ, ಕಥೆ ಮತ್ತು ಮಾತು. ಶುಕ್ರವಾರ ಐದು ಪದದ ಉಕ್ತಲೇಖನ. ಕಾಗುಣಿತಕ್ಕೆ ಬಂದಾಗ 'ವು' ಮತ್ತು 'ಮ' ಪಕ್ಕಪಕ್ಕದಲ್ಲಿ ಬರೆದು ತೋರಿಸಿ. ಕೊಂಬು ಕೆಳಗಿಳಿಯದಿದ್ದರೆ 'ವು' ಹೋಗಿ 'ಮ' ಆಗುತ್ತದೆ, ಬಹಳ ಮಕ್ಕಳು ಸಿಕ್ಕಿಕೊಳ್ಳುವುದು ಅಲ್ಲೇ. ಒತ್ತಕ್ಷರಕ್ಕೆ ಎರಡನೆಯ ವರ್ಷ ಕೈ ಹಾಕಿದರೆ ಸಾಕು.

ಬುಧವಾರ ಬಿಟ್ಟಿದ್ದೇನೆ, ಅದು ಅಜ್ಜಿಯ ದಿನ. ಆ ವಾರದ ಪದಗಳನ್ನು ಮಗು ವಿಡಿಯೊ ಕಾಲ್‌ನಲ್ಲಿ ಅಜ್ಜಿಗೆ ಓದಿ ಹೇಳಲಿ. ಬೇಸಿಗೆಯಲ್ಲಿ ನಿಮ್ಮ ಬೆಳಗಿನ ಎಂಟೂವರೆ ಅವರಿಗೆ ಸಂಜೆ ಏಳು. ನವೆಂಬರ್‌ನ ಮೊದಲ ಭಾನುವಾರ ಇಲ್ಲಿ ಗಡಿಯಾರ ಹಿಂದೆ ಹೋದ ಮೇಲೆ ಅದೇ ಎಂಟೂವರೆ ಅವರಿಗೆ ರಾತ್ರಿ ಎಂಟು. ಮುಂಚೆಯೇ ಹೇಳಿಡಿ, ಇಲ್ಲದಿದ್ದರೆ ಅವರು ಏಳಕ್ಕೇ ಫೋನ್ ಹಿಡಿದು ಕಾಯುತ್ತಾರೆ. ಒಂದು ವಿನಂತಿಯನ್ನೂ ಮಾಡಿ: ಮೊಮ್ಮಗಳ ಜೊತೆ ಇಂಗ್ಲಿಷ್ ಬೇಡ. ಮೊಮ್ಮಗಳಿಗೆ ಅರ್ಥವಾಗಲಿ ಎಂದು ಅಜ್ಜ-ಅಜ್ಜಿಯರೇ ಇಂಗ್ಲಿಷಿಗೆ ಇಳಿದುಬಿಡುತ್ತಾರೆ.

ಬೆರೆಯುವ ಚಿಂತೆ ದೊಡ್ಡದಲ್ಲ. ಸಾರ್ವಜನಿಕ ಗ್ರಂಥಾಲಯದ ಕಥಾಸಮಯ, ಒಂದು ಈಜು ಅಥವಾ ಆಟದ ತರಗತಿ, ಪಾರ್ಕು. ಹೋದರಾಯಿತು.

ಟೆಕ್ಸಸ್ ಕೇಳದಿದ್ದರೂ ಫೈಲು ಇಡಿ. ಶುಕ್ರವಾರ ಇಪ್ಪತ್ತು ನಿಮಿಷ: ವಿಷಯಕ್ಕೊಂದು ಹಾಳೆ, ತಾರೀಖು, ಓದಿದ ಪುಸ್ತಕಗಳ ಹೆಸರು. ನಮ್ಮ ನೌಕರಿಗಳು ಒಂದೇ ರಾಜ್ಯದಲ್ಲಿ ನಿಲ್ಲುವಂಥವಲ್ಲ. ನಾಳೆ ನ್ಯೂಯಾರ್ಕ್‌ಗೆ ಹೋದರೆ ಅಲ್ಲಿ ಸೂಚನಾಪತ್ರ, ವರ್ಷದ ಪಾಠಯೋಜನೆ, ನಾಲ್ಕು ವರದಿ, ವರ್ಷಾಂತ್ಯದ ಮೌಲ್ಯಮಾಪನ, ಒಂದರಿಂದ ಆರನೇ ತರಗತಿಗೆ ವರ್ಷಕ್ಕೆ 900 ಗಂಟೆ ಎಲ್ಲ ಬೇಕು. ಆ ಗಂಟೆಗಳಲ್ಲಿ ಮೇಜಿನ ಮುಂದೆ ಕೂತದ್ದು ಮಾತ್ರವಲ್ಲ, ಕಥೆ ಓದು, ಚಿತ್ರ, ಸಂಗೀತ, ವ್ಯಾಯಾಮ ಕೂಡ ಬರುತ್ತವೆ, ಬರೆದಿಟ್ಟಿರಬೇಕು ಅಷ್ಟೆ. ಕನ್ನಡದ ಹಾಳೆಗಳನ್ನೂ ಅದೇ ಫೈಲಿಗೆ ಸೇರಿಸಿ, ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ವಿವರಣೆ ಇರಲಿ.